ತೊಡೆಯೊಳಗೆ ಮಲಗಿರುವ ರಿಪೇರಿಯವರು

ಬೆಟ್ಟ ಹತ್ತುವುದಕ್ಕಿಂತ ಇಳಿಯುವಾಗಲೇ ತೊಡೆಗೆ ಜಾಸ್ತಿ ಪೆಟ್ಟು. ಸ್ನಾಯು ಬಿಗಿದುಕೊಂಡೇ ಉದ್ದವಾಗಬೇಕು, ಆಗ ಎಳೆಗಳು ಅಲ್ಲಲ್ಲಿ ಕಿತ್ತುಕೊಳ್ಳುತ್ತವೆ. ಮಧುಗಿರಿ ಬೆಟ್ಟ ಇಳಿದು ಬಂದ ಮರುದಿನ ನಾನು ಮನೆಯ ಮೆಟ್ಟಿಲನ್ನು ಏಡಿಯ ಹಾಗೆ ಅಡ್ಡಡ್ಡ ಇಳಿದಿದ್ದೇನೆ. ಒಂದು ವಾರಕ್ಕೆ ಎಲ್ಲ ಸರಿ. ಯಾರು ಸರಿ ಮಾಡಿದ್ದು?

ಸ್ನಾಯುವಿನ ಎಳೆಯಂತೂ ಅಲ್ಲ. ಒಂದೊಂದು ಎಳೆಯೊಳಗೂ ನೂರಾರು ನ್ಯೂಕ್ಲಿಯಸ್‌ಗಳಿವೆ, ಆದರೆ ಒಂದೂ ಒಡೆದು ಎರಡಾಗುವುದಿಲ್ಲ. 1961ರಲ್ಲಿ ನ್ಯೂಯಾರ್ಕ್‌ನ ವಿಜ್ಞಾನಿ ಅಲೆಕ್ಸಾಂಡರ್ ಮೌರೊ ಅವರಿಗೆ ಕಪ್ಪೆಯ ಕಾಲಿನ ಸ್ನಾಯುವಿನಲ್ಲಿ, ಎಳೆಗೂ ಅದರ ಹೊರಪೊರೆಗೂ ನಡುವಿನ ಸಂದಿಯಲ್ಲಿ ಅವಿತುಕೊಂಡಿದ್ದ ಪುಟ್ಟ ಕೋಶಗಳು ಕಂಡವು. ಸ್ಯಾಟಲೈಟ್ ಕೋಶಗಳು ಅಂತ ಹೆಸರಾಯಿತು. ಸುಮ್ನೆ ಮಲಗಿರುತ್ತವೆ. ಮಲಗಿದ್ದಾಗಲೂ ಪ್ಯಾಕ್ಸ್7 ಅನ್ನುವ ಜೀನ್ ಮಾತ್ರ ಎಚ್ಚರವಾಗಿರುತ್ತದೆ.

ಎಳೆ ಹರಿದರೆ ಈ ಕೋಶಗಳು ಏಳುತ್ತವೆ, ಅವುಗಳೊಳಗೆ ಮಯೋಡಿ ಅನ್ನುವ ಜೀನ್ ಜೋರಾಗಿ ಕೆಲಸಕ್ಕಿಳಿಯುತ್ತದೆ. ಇದರ ತಾಕತ್ತು ನೋಡಿ: 1987ರಲ್ಲಿ ಅಮೆರಿಕದ ಹೆರಾಲ್ಡ್ ವೈನ್‌ಟ್ರಾಬ್ ಅವರ ಲ್ಯಾಬ್‌ನಲ್ಲಿ ಇದೊಂದನ್ನೇ ಇಲಿಯ ಫೈಬ್ರೊಬ್ಲಾಸ್ಟ್ ಕೋಶಗಳಿಗೆ (ಅಂಗಾಂಶದ ನಾರು ಹೆಣೆಯುವ ಕೋಶಗಳು) ತುರುಕಿದರು, ಸ್ನಾಯುವಿಗೆ ಸಂಬಂಧವೇ ಇಲ್ಲದ ಆ ಕೋಶಗಳು ಸ್ನಾಯುವಿನ ಕೋಶಗಳಾಗಿಬಿಟ್ಟವು! ಹಾಗಾದ್ರೆ ಮಯೋಡಿ ಇಲ್ಲದ ಇಲಿಗೆ ಸ್ನಾಯುವೇ ಇರಬಾರದು, ಅಲ್ವಾ? ಇತ್ತು. ಅದರ ತಮ್ಮನಂತಿರುವ ಮಿಫ್5 ಜೀನ್ ಆ ಕೆಲಸ ನಿಭಾಯಿಸಿತ್ತು. ಎರಡನ್ನೂ ತೆಗೆದಾಗ ಮಾತ್ರ ಕೈಕಾಲಿನಲ್ಲಿ ಸ್ನಾಯು ಬರಲೇ ಇಲ್ಲ.

ಎದ್ದ ಕೋಶಗಳು ಒಡೆದು ಒಡೆದು ಸಂಖ್ಯೆ ಹೆಚ್ಚಿಸಿಕೊಳ್ಳುತ್ತವೆ, ಆಮೇಲೆ ಮಯೋಜೆನಿನ್ ಅನ್ನುವ ಇನ್ನೊಂದು ಜೀನ್ ಬಂದು 'ಒಡೆದದ್ದು ಸಾಕು, ಇನ್ನು ಸ್ನಾಯುವಾಗಿ' ಅನ್ನುತ್ತದೆ, ಕೊನೆಗೆ 2013ರಲ್ಲಿ ಪತ್ತೆಯಾದ ಮಯೋಮೇಕರ್ ಅನ್ನುವ ಪ್ರೋಟೀನ್ ಅವುಗಳ ಪೊರೆಗಳನ್ನು ಬೆಸೆದು ಒಂದೇ ಎಳೆ ಮಾಡುತ್ತದೆ. ನನಗೆ ಇಷ್ಟವಾಗುವುದು ಇದಲ್ಲ. ಎದ್ದವರಲ್ಲಿ ಕೆಲವರು ಮಯೋಡಿಯನ್ನು ನಂದಿಸಿ, ಪ್ಯಾಕ್ಸ್7 ಮಾತ್ರ ಉಳಿಸಿಕೊಂಡು, ಹೋಗಿ ಮತ್ತೆ ಮಲಗುತ್ತಾರೆ. ಬಿತ್ತನೆ ಬೀಜ ಎತ್ತಿಟ್ಟ ಹಾಗೆ. ಎಲ್ಲರೂ ಎಳೆಯಾಗಿಬಿಟ್ಟರೆ ಮುಂದಿನ ಬೆಟ್ಟಕ್ಕೆ ಯಾರಿರುತ್ತಾರೆ?

ಹೆಚ್ಚಾಗಿ ಗಂಡುಮಕ್ಕಳಿಗೆ ಬರುವ, ಸ್ನಾಯು ಸವೆಯುವ ಡುಶೆನ್ ಕಾಯಿಲೆಯ ಮಕ್ಕಳಲ್ಲಿ ಈ ರಿಪೇರಿಗೆ ಬಿಡುವೇ ಇಲ್ಲ. ಎಳೆಯ ಪೊರೆಯನ್ನು ಗಟ್ಟಿಯಾಗಿಡುವ ಡಿಸ್ಟ್ರೋಫಿನ್ ಜೀನ್ ಕೆಟ್ಟಿರುವುದರಿಂದ ಸುಮ್ನೆ ಓಡಾಡಿದರೂ ಎಳೆ ಹರಿಯುತ್ತದೆ, ಹೊಸದಾಗಿ ಕಟ್ಟಿದ್ದೂ ಹರಿಯುತ್ತದೆ. ಬರಬರುತ್ತಾ ಆ ಜಾಗಕ್ಕೆ ಕೊಬ್ಬು, ನಾರು ತುಂಬಿಕೊಳ್ಳುತ್ತವೆ. ಹುಡುಗನ ಮೀನಖಂಡ ನೋಡಲು ದಪ್ಪಗೆ, ಪೈಲ್ವಾನನದರಂತೆ ಕಾಣುತ್ತದೆ. ನೆಲದಿಂದ ಏಳಬೇಕಾದರೆ ಮಾತ್ರ ಅವನು ತನ್ನ ತೊಡೆಯ ಮೇಲೇ ಕೈಯೂರಿ, ಒಂದೊಂದೇ ಗೇಣು ಮೇಲಕ್ಕೆ ಬರುತ್ತಾನೆ.