ಮಣ್ಣು ಗಟ್ಟಿಯಾದರೆ ಸಾಲದು, ಸಂದು ಮುಚ್ಚಬೇಕು

ನಗರದ ಕೆಳಗೆ ಸುರಂಗ ತೋಡುವ ನಮ್ಮಂಥವರಿಗೆ ಗಟ್ಟಿ ಬಂಡೆಗಿಂತ ನೀರು ತುಂಬಿದ ಸಡಿಲ ಮರಳಿನ ಭಯವೇ ಜಾಸ್ತಿ. ಬಂಡೆ ಕೆಲಸ ತಡ ಮಾಡಿಸುತ್ತದೆ, ಅಷ್ಟೇ. ಮರಳು ಹಾಗಲ್ಲ, ನೀರಿನ ಜೊತೆ ಹರಿದು ಬರುತ್ತದೆ. ಕೆಳಗೆ ಲೆಕ್ಕಕ್ಕಿಂತ ಎರಡು ಲಾರಿ ಮಣ್ಣು ಹೆಚ್ಚಿಗೆ ಬಂತೆಂದರೆ ಮೇಲೆ ಎಲ್ಲೋ ರಸ್ತೆಯಡಿ ಪೊಳ್ಳಾಗಿದೆ ಎಂದೇ ಅರ್ಥ.

ಸುರಂಗ ಕೊರೆಯುವ ಟಿಬಿಎಂ ಯಂತ್ರ ಓಡುತ್ತಿರುವಾಗ ಎದುರಿನ ಮಣ್ಣನ್ನು ಒತ್ತಡ ಕೊಟ್ಟು ತಡೆದು ಹಿಡಿಯುತ್ತದೆ. ಹಾಗಾಗಿ ಸುರಂಗದ ಉದ್ದಕ್ಕೂ ನೆಲ ಗಟ್ಟಿ ಮಾಡುವ ಅಗತ್ಯವಿಲ್ಲ. ತೊಂದರೆ ಇರುವುದು ಕೆಲವೇ ಕಡೆ. ಯಂತ್ರ ಶಾಫ್ಟ್‌ನಿಂದ, ಅಂದರೆ ಮೇಲಿನಿಂದ ತೋಡಿದ ಬಾವಿಯಂಥ ಗುಂಡಿಯಿಂದ, ಹೊರಡುವ ಮತ್ತು ಶಾಫ್ಟ್‌ಗೆ ಬಂದು ಸೇರುವ ಜಾಗ, ಜೋಡಿ ಸುರಂಗಗಳ ನಡುವೆ ತೋಡುವ ಕ್ರಾಸ್ ಪ್ಯಾಸೇಜ್, ಹಳೆಯ ಕಟ್ಟಡಗಳ ತಳ. ಮೊದಲ ಮೂರು ಕಡೆ ಒಂದಲ್ಲ ಒಂದು ಗಳಿಗೆ ಗೋಡೆ ಒಡೆಯಲೇಬೇಕು. ಆಗ ಮಣ್ಣು ತಾನಾಗಿಯೇ ನಿಲ್ಲಬೇಕು.

ನೆಲ ಗಟ್ಟಿ ಮಾಡಲು ಯಾವ ವಿಧಾನ ಅನ್ನುವುದನ್ನು ಮಣ್ಣಿನ ಕಣವೇ ನಿರ್ಧರಿಸುತ್ತದೆ. ದಪ್ಪ ಮರಳಿಗೆ ಸಿಮೆಂಟ್ ಹಾಲು ಇಳಿಯುತ್ತದೆ. ನಯವಾದ ಮರಳಿನಲ್ಲಿ ಸಿಮೆಂಟಿನ ಕಣ ನುಗ್ಗುವಷ್ಟು ಜಾಗವೇ ಇರುವುದಿಲ್ಲ. ಅಲ್ಲಿ ಇನ್ನೂ ನುಣ್ಣಗೆ ಅರೆದ ಸಿಮೆಂಟ್ ಅಥವಾ ಸೋಡಿಯಂ ಸಿಲಿಕೇಟ್ ಬೇಕು. ಜೇಡಿಮಣ್ಣಿಗೆ ಒತ್ತಾಯದಿಂದ ತುಂಬಿದರೆ ಗ್ರೌಟ್, ಅಂದರೆ ತುಂಬುವ ಆ ದ್ರಾವಣ, ಮಣ್ಣನ್ನು ಸೀಳಿಕೊಂಡು ಎಲ್ಲೋ ಹೋಗುತ್ತದೆ.

ಇಂಥ ಕಡೆ ಹೆಚ್ಚಾಗಿ ಜೆಟ್ ಗ್ರೌಟಿಂಗ್ ಮಾಡುತ್ತೇವೆ. ಕೊಳವೆಯನ್ನು ಆಳಕ್ಕೆ ಇಳಿಸಿ, ಅದರ ತುದಿಯ ಸಣ್ಣ ತೂತಿನಿಂದ ಸಿಮೆಂಟ್ ಹಾಲನ್ನು ಸುಮಾರು 400 ಬಾರ್ ಒತ್ತಡದಲ್ಲಿ ಚಿಮ್ಮಿಸುತ್ತಾರೆ. ಕೊಳವೆ ತಿರುಗುತ್ತಾ ನಿಧಾನಕ್ಕೆ ಮೇಲೆ ಬರುತ್ತದೆ. ಧಾರೆ ಮಣ್ಣನ್ನು ಕತ್ತರಿಸಿ ಕಲಸಿ, ಒಂದು ಕಂಬದ ಹಾಗೆ ಗಟ್ಟಿಯಾಗುತ್ತದೆ. ಅದೇ ಒತ್ತಡ, ಅದೇ ವೇಗ ಇಟ್ಟರೂ ಸಡಿಲ ಮರಳಿನಲ್ಲಿ ಕಂಬ ದಪ್ಪ ಬರುತ್ತದೆ, ಬಿಗಿಯಾದ ಜೇಡಿಯಲ್ಲಿ ಸಣ್ಣಗಾಗುತ್ತದೆ. ಅದಕ್ಕೇ ಮೊದಲು ಅದೇ ಜಾಗದಲ್ಲಿ ಪ್ರಯೋಗಕ್ಕೆ ಕೆಲವು ಕಂಬ ಮಾಡಿ, ಸಾಧ್ಯವಾದಷ್ಟು ಅಗೆದು, ಟೇಪ್ ಹಿಡಿದು ಅಳೆಯಬೇಕು. ಈ ಹಂತವನ್ನು ಬಿಟ್ಟುಬಿಡೋಣ ಅನ್ನುವ ಮಾತು ಬಂದಾಗಲೆಲ್ಲ ನಾನು ಹಟ ಹಿಡಿಯುತ್ತೇನೆ.

ಕೊರೆದ ತೂತಿನ ಬಾಯಿಯಲ್ಲಿ ಮೇಲೆ ಉಕ್ಕುವ ಕೆಸರಿನ ಮೇಲೂ ಕಣ್ಣಿಟ್ಟಿರಬೇಕು. ಅದು ಸರಾಗವಾಗಿ ಬರುತ್ತಿದ್ದರೆ ಸರಿ. ತಟ್ಟನೆ ನಿಂತರೆ ಒತ್ತಡ ಒಳಗೇ ಕಟ್ಟಿಕೊಳ್ಳುತ್ತಿದೆ ಎಂದು ತಿಳಿಯಿರಿ. ಪಂಪ್ ನಿಲ್ಲಿಸದಿದ್ದರೆ ರಸ್ತೆ ಉಬ್ಬುತ್ತದೆ, ಪಕ್ಕದ ಮನೆಯ ನೆಲ ಬಿರುಕು ಬಿಡುತ್ತದೆ.

ಇನ್ನು ಕಂಬಗಳ ನಡುವಿನ ಸಂದಿನ ಮಾತು. ಕೊರೆಯುವ ಕೊಳವೆ ಲಂಬದಿಂದ ನೂರಕ್ಕೆ ಒಂದರಷ್ಟು ವಾಲಿದರೆ 25 ಮೀಟರ್ ಆಳದಲ್ಲಿ 25 ಸೆಂಟಿಮೀಟರ್ ಸರಿದಿರುತ್ತದೆ. ಪಕ್ಕದ ಕೊಳವೆ ಅದಕ್ಕೆ ವಿರುದ್ಧ ದಿಕ್ಕಿಗೆ ಅಷ್ಟೇ ವಾಲಿದರೆ ಎರಡರ ನಡುವೆ ಅರ್ಧ ಮೀಟರ್ ವ್ಯತ್ಯಾಸ. ನಕ್ಷೆಯಲ್ಲಿ ಕಂಬಗಳು ಒಂದರೊಳಗೊಂದು ಹೊಕ್ಕಂತೆ ಕಂಡರೂ ನೆಲದಡಿ ನಡುವೆ ಹಸಿ ಮರಳು ಉಳಿದಿರಬಹುದು. ಪ್ರಯೋಗಾಲಯದ ವರದಿಯಲ್ಲಿ ಇದು ಕಾಣುವುದಿಲ್ಲ. ಒಂದು ಕಂಬದ ಮಧ್ಯಭಾಗದಿಂದ ಕೊರೆದು ತೆಗೆದ ಮಾದರಿ, ಅಂದರೆ ಕೋರ್, ಯಾವಾಗಲೂ ಚೆನ್ನಾಗಿಯೇ ಇರುತ್ತದೆ! ಎರಡು ಕಂಬ ಕೂಡುವ ಕಡೆ ಕೋರ್ ತೆಗೆಯಬೇಕು. ಬಲದ ವಿಷಯಕ್ಕೆ ಬಂದರೆ ಸಾಮಾನ್ಯ ಕಾಂಕ್ರೀಟಿನ ಹತ್ತನೇ ಒಂದು ಪಾಲು ಇದ್ದರೂ ಬಹಳ ಕಡೆ ಸಾಕಾಗುತ್ತದೆ. ಅಪಾಯ ಬರುವುದು ನೀರು ನುಗ್ಗುವ ಆ ಒಂದು ಕಿಂಡಿಯಿಂದ.

ಸಂದು ಬಿಡದೆ ಮುಚ್ಚುವುದರಲ್ಲಿ ನೆಲವನ್ನೇ ಹೆಪ್ಪುಗಟ್ಟಿಸುವ ವಿಧಾನ ಒಳ್ಳೆಯದು. 1883ರಲ್ಲಿ ಜರ್ಮನಿಯ ಪೋಯೆಟ್ಶ್ ಇದಕ್ಕೆ ಪೇಟೆಂಟ್ ಪಡೆದರು. ಮಣ್ಣಿನೊಳಗಿನ ಕೊಳವೆಗಳಲ್ಲಿ ತುಂಬಾ ತಣ್ಣನೆಯ ಉಪ್ಪುನೀರು ಹರಿಸುತ್ತಾ, ವಾರಗಟ್ಟಲೆ ಕಾದು, ನೆಲದ ನೀರನ್ನೇ ಗೋಡೆ ಮಾಡಿಕೊಳ್ಳುವುದು. ಆದರೆ ಒಳಗೆ ನೀರು ಜೋರಾಗಿ ಹರಿಯುತ್ತಿದ್ದರೆ ಆ ಗೋಡೆ ಕೂಡಿಕೊಳ್ಳುವುದೇ ಇಲ್ಲ. 2003ರ ಜುಲೈ 1ರಂದು ಶಾಂಘೈ ಮೆಟ್ರೊದ 4ನೇ ಮಾರ್ಗದಲ್ಲಿ ಹೀಗೆ ಹೆಪ್ಪುಗಟ್ಟಿಸಿದ್ದ ಕ್ರಾಸ್ ಪ್ಯಾಸೇಜ್‌ನೊಳಗೆ ನೀರು, ಮರಳು ನುಗ್ಗಿತು. ಸುರಂಗ ಕುಸಿಯಿತು, ಮೇಲಿನ ಕಟ್ಟಡಗಳು ವಾಲಿದವು. ಇಂಥ ಕೆಲಸಕ್ಕೆ ಕೈಹಾಕುವ ಪ್ರತಿಯೊಬ್ಬ ಯುವ ಎಂಜಿನಿಯರ್ ಆ ಘಟನೆಯನ್ನು ಕೂತು ಓದಬೇಕು.

ಹಾಗಾಗಿ ಯಾವ ವಿಧಾನವೇ ಇರಲಿ, ಗೋಡೆ ಒಡೆಯುವ ಮುಂಚೆ ಅಡ್ಡಲಾಗಿ ಸಣ್ಣ ತೂತು ಕೊರೆದು ನೋಡುತ್ತೇವೆ. ಪ್ರತಿ ತೂತಿನ ಬಾಯಿಗೂ ಮೊದಲೇ ವಾಲ್ವ್ ಕೂರಿಸಿರುತ್ತದೆ. ತಿಳಿನೀರು ತೊಟ್ಟಿಕ್ಕಿದರೆ ಬಕೆಟ್ ಇಟ್ಟು ಗಂಟೆಗೆ ಎಷ್ಟು ಎಂದು ಅಳೆಯುತ್ತೇವೆ. ಬಗ್ಗಡ ನೀರು ಬಂದರೆ ಅಳೆಯುವ ಮಾತೇ ಇಲ್ಲ. ಹನಿ ಸಣ್ಣದಾದರೂ ಅದು ಮಣ್ಣನ್ನು ಹೊತ್ತು ತರುತ್ತಿದೆ ಅಲ್ವಾ? ವಾಲ್ವ್ ಮುಚ್ಚಿ, ಮತ್ತೆ ಗ್ರೌಟ್ ಮಾಡಿ, ಬೇರೆ ತೂತು ಕೊರೆದು ನೋಡಬೇಕು. ಕೆಲಸ ನಿಂತರೆ ಖರ್ಚು ಏರುತ್ತದೆ ನಿಜ. ಆದರೆ ಮೇಲೆ ಜನ ಮಲಗಿರುತ್ತಾರೆ.

ಪ್ಯಾಸೇಜ್ ಕಟ್ಟಿದ ಮೇಲೂ ಉಪಕರಣಗಳನ್ನು ಕೂಡಲೇ ಕಿತ್ತುಕೊಂಡು ಹೋಗುವಂತಿಲ್ಲ. ಹೆಪ್ಪುಗಟ್ಟುವಾಗ ಉಬ್ಬಿದ ನೆಲ ಕರಗುವಾಗ ಕುಸಿಯುತ್ತದೆ. ಒಳಗೋಡೆಯಲ್ಲಿ ಗ್ರೌಟ್ ಕೊಳವೆಗಳನ್ನು ಬಿಟ್ಟಿರುತ್ತೇವೆ. ಮೇಲಿನ ಮನೆಗಳ ಮಟ್ಟ ಇಳಿಯುತ್ತಿದೆ ಎಂದು ಅಳತೆ ತೋರಿಸಿದಂತೆ ಅವುಗಳ ಮೂಲಕ ಸ್ವಲ್ಪ ಸ್ವಲ್ಪವೇ ತುಂಬಿಸುತ್ತೇವೆ. ಅಳತೆ ನೆಟ್ಟಗೆ ನಿಲ್ಲುವವರೆಗೂ ಪಂಪ್ ಮತ್ತು ಸಿಮೆಂಟ್ ಅಲ್ಲೇ ಇರಬೇಕು.