ಎತ್ತಿನಗಾಡಿಯ ಕಾಲದ ಸೇತುವೆ ರೈಲನ್ನು ಹೊತ್ತ ಬಗೆ

ಮೈಸೂರಿನಿಂದ ಹೊರಟ ರೈಲು ನಂಜನಗೂಡಿನ ಬಳಿ ಕಪಿಲೆಯನ್ನು, ಅಂದರೆ ಕಬಿನಿ ಹೊಳೆಯನ್ನು, ದಾಟುವಾಗ ಪಕ್ಕದಲ್ಲೇ ಹಳೆಯ ಕಮಾನುಗಳ ಸಾಲೊಂದು ಕಾಣುತ್ತದೆ. ದಳವಾಯಿ ದೇವರಾಜಯ್ಯನವರು 1735ರಲ್ಲಿ ಕಟ್ಟಿಸಿದ, ಸುಮಾರು 225 ಮೀಟರ್ ಉದ್ದದ ಸೇತುವೆ ಅದು. ಅದನ್ನು ದೇಶದ ಅತಿ ಹಳೆಯ ರೈಲ್ವೆ ಸೇತುವೆಗಳಲ್ಲಿ ಒಂದೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಹಳೆಯ ಕಟ್ಟಡಗಳ ದುರಸ್ತಿಯನ್ನೇ ವೃತ್ತಿಯಾಗಿಸಿಕೊಂಡ ನನಗೆ ಅದರ ಹಿರಿಮೆ ಬೇರೆಡೆ ಇದೆ ಎನಿಸುತ್ತದೆ. ಅದನ್ನು ಕಟ್ಟಿದಾಗ ರೈಲು ಎಂಬುದೇ ಇರಲಿಲ್ಲ. ನಂಜನಗೂಡಿಗೆ ಮೀಟರ್ ಗೇಜ್ ಹಳಿ ಬಂದದ್ದು 1891ರಲ್ಲಿ. ಅಂದರೆ, ಗಾಡಿಗಳಿಗೂ ಶ್ರೀಕಂಠೇಶ್ವರನ ದರ್ಶನಕ್ಕೆ ನಡೆದು ಬರುವವರಿಗೂ ದಾರಿಯಾಗಿದ್ದ ಸೇತುವೆಯು 156 ವರ್ಷಗಳ ಬಳಿಕ, ಕಟ್ಟಿದವರು ಕನಸಿನಲ್ಲೂ ಕಾಣದಿದ್ದ ಭಾರಕ್ಕೆ ಹೆಗಲು ಕೊಟ್ಟಿತು.

ಇದು ಸಾಧ್ಯವಾದದ್ದು ಕಮಾನಿನ ಗುಣದಿಂದ. ಕಲ್ಲು ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಎಳೆತವನ್ನು ತಾಳುವುದಿಲ್ಲ. ಕಮಾನಿನಲ್ಲಿ ಒಂದು ಕಲ್ಲು ಪಕ್ಕದ ಕಲ್ಲನ್ನು ಒತ್ತುತ್ತಾ ಮೇಲಿನ ಭಾರವನ್ನು ಕಂಬಕ್ಕೆ, ಕಂಬದಿಂದ ನದಿಯ ತಳಕ್ಕೆ ದಾಟಿಸುತ್ತದೆ. ಇಂಥ ಸೇತುವೆಯ ಸ್ವಂತ ತೂಕವೇ ಬಹಳ ಹೆಚ್ಚಿರುವುದರಿಂದ, ಮೇಲೆ ಹಾದುಹೋಗುವ ಬಂಡಿಯ ತೂಕವು ಆ ಒತ್ತಡದ ಹಾದಿಯನ್ನು ಅಷ್ಟಾಗಿ ಕದಲಿಸಲಾರದು. ಕಮಾನಿನ ಮೇಲೆ ತುಂಬಿದ ಮಣ್ಣುಕಲ್ಲು ಚಕ್ರದ ಭಾರವನ್ನು ಒಂದೇ ಕಡೆ ಬೀಳಗೊಡದೆ ಹರಡುತ್ತದೆ. ಕಂಬಗಳನ್ನು ಒತ್ತೊತ್ತಾಗಿ ನಿಲ್ಲಿಸಿ ಕಮಾನುಗಳನ್ನು ಕಿರಿದಾಗಿ ಇಟ್ಟದ್ದೂ ನೆರವಿಗೆ ಬಂದಿತು.

ಹಳಿ 1926ರಲ್ಲಿ ಚಾಮರಾಜನಗರದವರೆಗೆ ಬೆಳೆಯಿತು. ರಸ್ತೆಯನ್ನೂ ಹಳಿಯನ್ನೂ ಜೊತೆಯಾಗಿ ಹೊತ್ತಿದ್ದ ಸೇತುವೆ 2007ರವರೆಗೂ ದುಡಿಯಿತು. ಆಮೇಲೆ ಮಾರ್ಗವನ್ನು ಬ್ರಾಡ್ ಗೇಜ್‌ಗೆ ಬದಲಿಸಲಾಯಿತು. ಅದರಲ್ಲಿ ಹಳಿಗಳ ನಡುವಿನ ಅಂತರ ಮೀಟರ್ ಗೇಜ್‌ನ 1000 ಮಿಲಿಮೀಟರ್‌ನಿಂದ 1676ಕ್ಕೆ ಏರುತ್ತದೆ, ಎಂಜಿನ್ನಿನ ಭಾರವೂ ಹೆಚ್ಚುತ್ತದೆ. ಹೊಸ ಸೇತುವೆಯನ್ನು ಪಕ್ಕದಲ್ಲಿ ಕಟ್ಟಿ ಹಳೆಯದನ್ನು ಉಳಿಸಿಕೊಂಡದ್ದು ಸರಿಯಾದ ತೀರ್ಮಾನವೆಂದೇ ನಾನು ನಂಬಿದ್ದೇನೆ.

ಆದರೆ ರೈಲು ಸಂಚಾರ ನಿಂತುಹೋದ ಸೇತುವೆಯನ್ನು ಯಾರೂ ದಿನನಿತ್ಯ ಪರೀಕ್ಷಿಸುವುದಿಲ್ಲ. ನನ್ನ ಕಳವಳವೂ ಅದೇ. ಕಲ್ಲಿನ ಸಂದಿಯಲ್ಲಿ ಹಕ್ಕಿ ಉದುರಿಸಿದ ಅರಳಿ ಬೀಜ ಮೊಳೆತರೆ ಬೇರು ಒಳಗೊಳಗೇ ಗೋಡೆಯನ್ನು ಸೀಳುತ್ತದೆ. ಗಿಡವನ್ನು ಕಿತ್ತೆಳೆದರೆ ಕಲ್ಲೇ ಸಡಿಲವಾಗುತ್ತದೆ. ಕತ್ತರಿಸಿ, ಬೇರು ಸಾಯುವಂತೆ ಮಾಡಿ, ಆಮೇಲೆ ಸಂದಿ ತುಂಬಬೇಕು. ತುಂಬುವುದಕ್ಕೆ ಸುಣ್ಣದ ಗಾರೆಯೇ ಆಗಬೇಕು. ವೃತ್ತಿಯ ಮೊದಲ ದಿನಗಳಲ್ಲಿ ಹಳೆಯ ಗೋಡೆಯೊಂದಕ್ಕೆ ಸಿಮೆಂಟು ಮೆತ್ತಿಸಿದ ತಪ್ಪು ನನ್ನದೇ: ಒಳಗಿನ ತೇವ ಹೊರಬರಲಾಗದೆ ಕೆಲವೇ ಮಳೆಗಾಲಗಳಲ್ಲಿ ಇಟ್ಟಿಗೆಯ ಮೈ ಪದರಪದರವಾಗಿ ಉದುರಿತು. ಸುಣ್ಣ ಮೆದು, ಉಸಿರಾಡುತ್ತದೆ, ಸಣ್ಣ ಬಿರುಕುಗಳನ್ನು ಕಾಲಕ್ರಮದಲ್ಲಿ ತಾನೇ ಮುಚ್ಚಿಕೊಳ್ಳುತ್ತದೆ.

ಎಲ್ಲಕ್ಕಿಂತ ದೊಡ್ಡ ಅಪಾಯ ಕಣ್ಣಿಗೆ ಬೀಳದ ಕಡೆಯದು. ಕಬಿನಿ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಹೊಳೆಯ ಸೆಳವು ಕಂಬದ ಬುಡದ ಮಣ್ಣನ್ನು ಕೊರೆಯುತ್ತದೆ. ಪ್ರವಾಹ ಇಳಿದ ಮೇಲೆ ಕಮಾನು ನೆಟ್ಟಗೆ ಕಂಡರೂ ಅದರ ತಳ ಪೊಳ್ಳಾಗಿರಬಹುದು. ಆದ್ದರಿಂದ ಪ್ರತಿ ಬೇಸಿಗೆಯಲ್ಲೂ ನೀರು ತಗ್ಗಿದಾಗ ಕಂಬಗಳ ಬುಡವನ್ನು ಒಂದೊಂದಾಗಿ ಅಳೆದು, ಹಿಂದಿನ ವರ್ಷದ ಅಳತೆಯೊಂದಿಗೆ ಹೋಲಿಸಿ, ಕೊರೆದ ಕಡೆ ಮುಂಗಾರಿಗೆ ಮೊದಲೇ ದಪ್ಪ ಕಲ್ಲುಗಳನ್ನು ತುಂಬಬೇಕು.