ಬಿಸಿಲಿಗೆ ಬೆಂದ ಟೇಪು, ದೋಣಿಗೆ ಉಳಿದ ಅಂಟು

ಭೀಮಾ, ಕೃಷ್ಣೆ ಉಕ್ಕಿದಾಗ ನೀರಿಗಿಳಿಯುವ ಫೈಬರ್ ದೋಣಿ ಕಲಬುರಗಿ, ಯಾದಗಿರಿ ಸೀಮೆಯಲ್ಲಿ ವರ್ಷದ ಬಹುಪಾಲು ದಿನ ದಡದ ಮೇಲೇ ಇರುತ್ತದೆ. ನಂಬರ್ ಬರೆಸುವಾಗ ಅಂಚಿಗೆ ಹಚ್ಚಿದ ಮಾಸ್ಕಿಂಗ್ ಟೇಪನ್ನೋ ಲಾರಿಯಲ್ಲಿ ತರುವಾಗ ಸುತ್ತಿದ ಕಂದು ಪ್ಯಾಕಿಂಗ್ ಟೇಪನ್ನೋ ಆಗಲೇ ಕೀಳದೆ ಬಿಟ್ಟರೆ ಬೇಸಿಗೆ ಅದನ್ನು ಬೇಯಿಸಿಬಿಡುತ್ತದೆ. ಜೂನ್‌ನಲ್ಲಿ ಎಳೆದರೆ ಹಾಳೆ ಚೂರುಚೂರಾಗಿ ಬರುತ್ತದೆ, ಅಂಟು ದೋಣಿಗೇ ಉಳಿಯುತ್ತದೆ. ಅದಕ್ಕೆ ಧೂಳು ಮೆತ್ತಿ ಕರೀ ಪಟ್ಟಿ ಆಗುತ್ತದೆ.

ಟೇಪಿನ ಅಂಟು ಫೆವಿಕಾಲ್‌ನಂತೆ ಒಣಗಿ ಗಟ್ಟಿಯಾಗುವುದಲ್ಲ. ಅದು ಸದಾ ಅರೆದ್ರವ. ಒತ್ತಿದಾಗ ಹರಿದು ಮೇಲ್ಮೈಯ ಸಣ್ಣ ತಗ್ಗುಗಳಿಗೆ ಇಳಿಯುತ್ತದೆ, ಎಳೆದಾಗ ರಬ್ಬರಿನಂತೆ ಹಿಡಿಯುತ್ತದೆ. ಮಾಸ್ಕಿಂಗ್ ಟೇಪನ್ನು 1925ರಲ್ಲಿ ಅಮೆರಿಕದ ರಿಚರ್ಡ್ ಡ್ರೂ ರೂಪಿಸಿದ್ದು ಕಾರಿಗೆ ಎರಡು ಬಣ್ಣ ಹೊಡೆಯುವವರಿಗಾಗಿ. ಕೆಲಸ ಮುಗಿದ ಕೂಡಲೇ ಕೀಳಲೆಂದೇ ಮಾಡಿದ ವಸ್ತು ಅದು. ಅದರ ಅಂಟಿನಲ್ಲಿರುವುದು ಸಾಮಾನ್ಯವಾಗಿ ರಬ್ಬರ್ ಮತ್ತು ರಾಳ. ಬಿಸಿಲಿನ ನೇರಳಾತೀತ ಕಿರಣವೂ ಗಾಳಿಯ ಆಮ್ಲಜನಕವೂ ಸೇರಿ ರಬ್ಬರಿನ ಉದ್ದನೆಯ ಅಣುಸರಪಳಿಗಳನ್ನು ಕೆಲವೆಡೆ ಕತ್ತರಿಸುತ್ತವೆ, ಕೆಲವೆಡೆ ಒಂದಕ್ಕೊಂದು ಹೆಣೆಯುತ್ತವೆ. ಕತ್ತರಿಸಿದಲ್ಲಿ ಅಂಟು ಜಿಗುಟಾಗುತ್ತದೆ, ಹೆಣೆದಲ್ಲಿ ಹೊಪ್ಪಳಿಕೆಯಂತೆ ಗಟ್ಟಿಯಾಗುತ್ತದೆ. ಹೆಣೆದುಕೊಂಡ ರಬ್ಬರನ್ನು ಯಾವ ದ್ರಾವಕವೂ ಪೂರ್ತಿ ಕರಗಿಸಲಾರದು, ಉಬ್ಬಿಸಬಲ್ಲದು ಅಷ್ಟೆ. ಆದ್ದರಿಂದ ಉಜ್ಜುವುದಕ್ಕಿಂತ ನೆನೆಸುವುದೇ ಮುಖ್ಯ.

ದೋಣಿಯನ್ನು ನೆರಳಿಗೆ ತಂದು ಬೆಳಗಿನ ತಂಪಿನಲ್ಲಿ ಕೆಲಸ ಹಿಡಿಯಬೇಕು. ಉಳಿದಿರುವ ಹಾಳೆಗೆ ಕೂದಲು ಒಣಗಿಸುವ ಡ್ರೈಯರ್‌ನಿಂದ ಕೈಗೆ ತಾಳುವಷ್ಟೇ ಶಾಖ ಕೊಟ್ಟು, ಒಂದು ತುದಿ ಎಬ್ಬಿಸಿ, ಹಿಂದಕ್ಕೆ ಮಡಚಿದಂತೆ ನಿಧಾನವಾಗಿ ಎಳೆಯಿರಿ. ಜೋರಾಗಿ ಎಳೆದಷ್ಟೂ ಅಂಟು ಬಿಗಿಯಾಗಿ ಹಿಡಿದು ಹಾಳೆ ಹರಿಯುತ್ತದೆ. ಉಳಿದ ಅಂಟಿಗೆ ಶೇಂಗಾ ಎಣ್ಣೆ ಸವರಿ, ಮೇಲೆ ಪಾಲಿಥೀನ್ ಮುಚ್ಚಿ 15-20 ನಿಮಿಷ ಬಿಡಿ. ಆಮೇಲೆ ಹಳೆಯ ಎಟಿಎಂ ಕಾರ್ಡನ್ನು ಓರೆಯಾಗಿ ಹಿಡಿದು ಎತ್ತಿದರೆ ಬಹುಪಾಲು ಉಂಡೆಯಾಗಿ ಬರುತ್ತದೆ. ನಮ್ಮ ಕಡೆ ಮನೆಯಲ್ಲಿರುವ ಕುಸುಬಿ, ಅಗಸಿ ಎಣ್ಣೆಗಳು ಇದಕ್ಕೆ ಬೇಡ. ಅವು ಗಾಳಿಗೆ ಒಣಗುವ ಎಣ್ಣೆಗಳು, ತೆಳ್ಳಗೆ ಉಳಿದರೆ ತಾವೇ ಅಂಟಾಗುತ್ತವೆ. ಅಗಸಿ ಎಣ್ಣೆ ನೆನೆದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ಅದು ತಾನಾಗಿ ಕಾದು ಹೊತ್ತಿಕೊಳ್ಳುವುದೂ ಉಂಟು.

ಎಣ್ಣೆಗೆ ಬಗ್ಗದಿದ್ದರೆ ಪೇಂಟ್ ಅಂಗಡಿಯ ಟರ್ಪೆಂಟೈನ್ ಅಥವಾ ಚಿಮಣಿ ಎಣ್ಣೆ, ಅಂದರೆ ಸೀಮೆಎಣ್ಣೆ. ರಬ್ಬರ್ ಅಂಟಿಗೆ ಇವು ಸರಿ. ಪ್ಯಾಕಿಂಗ್ ಟೇಪಿನ ಅಂಟು ಹಲವು ಸಲ ಅಕ್ರಿಲಿಕ್ ಆಗಿರುವುದರಿಂದ ಅದಕ್ಕೆ ಐಸೋಪ್ರೊಪೈಲ್ ಆಲ್ಕೋಹಾಲ್ ಹೆಚ್ಚು ಒಗ್ಗುತ್ತದೆ. ಯಾವುದನ್ನೇ ಆಗಲಿ ಮೊದಲು ಕಾಣದ ಮೂಲೆಯಲ್ಲಿ ಪರೀಕ್ಷಿಸಿ, ಬಟ್ಟೆಗೆ ಹಾಕಿಕೊಂಡು ಒರೆಸಬೇಕು, ದೋಣಿಯ ಮೇಲೆ ಸುರಿಯಬಾರದು. ಬಟ್ಟೆಯ ಮಡಿಕೆ ಬದಲಿಸುತ್ತಿರಿ. ಇಲ್ಲವಾದರೆ ಕರಗಿದ ಅಂಟನ್ನೇ ಮತ್ತೆ ಬಳಿದಂತೆ. ಸೀಮೆಎಣ್ಣೆ 38 ಡಿಗ್ರಿ ಆಸುಪಾಸಿನಲ್ಲೇ ಕಿಡಿಗೆ ಹೊತ್ತುವಷ್ಟು ಆವಿ ಬಿಡಬಲ್ಲದು. ಕಲಬುರಗಿಯ ಬೇಸಿಗೆ ಮಧ್ಯಾಹ್ನ ಅದನ್ನೂ ಮೀರುತ್ತದೆ, ಬೀಡಿ ದೂರವಿರಲಿ. ಪೆಟ್ರೋಲನ್ನಂತೂ ಮುಟ್ಟಲೇಬೇಡಿ.

ಥಿನ್ನರ್, ಅಸಿಟೋನ್ ಬೇಗ ಕೆಲಸ ಮಾಡುತ್ತವೆ ನಿಜ, ಆದರೆ ಬಣ್ಣ ಹೊಡೆದ ದೋಣಿಯ ಬಣ್ಣವನ್ನೇ ಎತ್ತುತ್ತವೆ, ಪಾರದರ್ಶಕ ಗಾಳಿತಡೆಯನ್ನು ಬಿರುಕು ಬಿಡಿಸುತ್ತವೆ. ಗಾಳಿ ತುಂಬುವ ಪಿವಿಸಿ ದೋಣಿಯ ಬೆಸುಗೆಗೂ ಅಪಾಯ. ಅಂಥದ್ದಕ್ಕೆ ಸೀಮೆಎಣ್ಣೆಯೂ ಒಳ್ಳೆಯದಲ್ಲ, ಪಿವಿಸಿಯನ್ನು ಮೆತ್ತಗಿಡುವ ಎಣ್ಣೆಯಂಶವನ್ನು ಅದು ಹೀರಿ ತೆಗೆಯುತ್ತದೆ. ಮರಳುಕಾಗದದ ಯೋಚನೆಯನ್ನೂ ಬಿಡಿ. ಫೈಬರ್ ದೋಣಿಯ ಹೊಳಪಿನ ಹೊರಪದರ, ಜೆಲ್‌ಕೋಟ್, ಇರುವುದೇ ಸುಮಾರು ಅರ್ಧ ಮಿಲಿಮೀಟರ್ ದಪ್ಪ.

ಕೊನೆಗೆ ಜಿಡ್ಡು ತೊಳೆಯಬೇಕು. ಸುಣ್ಣಕಲ್ಲಿನ ಸೇಡಂ, ಶಹಾಬಾದ್ ಕಡೆಯ ಗಡಸು ಬೋರ್ ನೀರಿನಲ್ಲಿ ಸಾಬೂನು ನೊರೆ ಕೊಡದೆ ಕೆನೆಗಟ್ಟುತ್ತದೆ. ಪಾತ್ರೆ ತೊಳೆಯುವ ದ್ರವವನ್ನು ಅರ್ಧ ಬಕೆಟ್ ನೀರಿಗೆ ಒಂದೆರಡು ಚಮಚ ಹಾಕಿ ತೊಳೆದು, ಬಿಳಿ ಕಲೆ ಕೂರುವ ಮುನ್ನ ಒಣಬಟ್ಟೆಯಿಂದ ಒರೆಸಿ. ಈ ನೀರು ನದಿಗೆ, ಕೆರೆಗೆ ಹೋಗಬಾರದು. ಅಂಟು ತೆಗೆದ ಜಾಗಕ್ಕೆ ಬಣ್ಣ ಹೊಡೆಯುವುದಿದ್ದರೆ ಒಂದು ಲೋಟ ನೀರು ಸುರಿದು ನೋಡಿ. ಅಕ್ಕಪಕ್ಕದ ಜಾಗಕ್ಕಿಂತ ಅಲ್ಲಿ ಹೆಚ್ಚಾಗಿ ಹನಿಗಟ್ಟಿದರೆ ಜಿಡ್ಡು ಇನ್ನೂ ಇದೆ. ಅದರ ಮೇಲೆ ಹೊಡೆದ ಬಣ್ಣ ಕಣ್ಣುಕಣ್ಣಾಗಿ ಒಡೆಯುತ್ತದೆ.

ಎಷ್ಟು ಉಜ್ಜಿದರೂ ಹೋಗದ ಗಾಢ ಪಟ್ಟಿಯೊಂದು ಉಳಿದರೆ ಬೆರಳಿನಿಂದ ಮುಟ್ಟಿ ನೋಡಿ. ನುಣುಪಾಗಿದ್ದರೆ ಅದು ಅಂಟಲ್ಲ, ಟೇಪಿನ ಅಡಿ ಬಿಸಿಲು ತಾಗದೆ ಉಳಿದ ಮೂಲ ಬಣ್ಣ. ಮಾಸಿರುವುದು ಸುತ್ತಲಿನ ಜಾಗ, ಪಾಲಿಶ್ ಬೇಕಾದದ್ದೂ ಅದಕ್ಕೇ.

ಡಾಂಬರು ಬಳಿದ ಹರಿಗೋಲಿನ ದಾರಿ ಮಾತ್ರ ಬೇರೆ. ಸೀಮೆಎಣ್ಣೆ, ಟರ್ಪೆಂಟೈನ್ ಡಾಂಬರನ್ನೇ ಕರಗಿಸಿ ನೀರು ಒಳಬರಲು ದಾರಿ ಮಾಡುತ್ತವೆ. ಅಲ್ಲಿ ಮಂಜುಗಡ್ಡೆಯ ಚೂರನ್ನು ಬಟ್ಟೆಯಲ್ಲಿ ಸುತ್ತಿ ಅಂಟಿನ ಮೇಲೆ ಐದು ನಿಮಿಷ ಒತ್ತಿಟ್ಟು, ಅದು ಬಿರುಸಾದಾಗ ಉಗುರಿನಿಂದ ಮೆಲ್ಲಗೆ ಎಬ್ಬಿಸಿ.